ತಿದ್ದದೆ ಕಳಿಸಿದ ಫೋಟೋ

ಡಬ್ಬಿಯ ಮುಚ್ಚಳ ತೆಗೆದರೆ, ಒಳಗಿದ್ದ ಕಣ್ಣು ನೇರವಾಗಿ ಅವನನ್ನೇ ನೋಡುತ್ತಿತ್ತು.

ಫೋಟೋಗ್ರಾಫರ್ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಹಿಂದಿದ್ದ ಸ್ಟೂಲು ಕಾಲಿಗೆ ತಾಗಿ ಉರುಳಿತು.

"ಹೆದರ್ಕೋಬೇಡಿ, ಕಚ್ಚೋದಿಲ್ಲ," ಎಂದಳು ಕೌಂಟರಿನ ಆಚೆ ನಿಂತವಳು. "ಇದು ಯಾವ ಬಣ್ಣ, ಹೇಳಿ."

"ಯಾರದು... ಯಾರದಿದು?"

"ನಾನು ಬಣ್ಣ ಕೇಳಿದೆ."

ಅವನು ಧೈರ್ಯ ತಂದುಕೊಂಡು ಬಗ್ಗಿ ನೋಡಿದ. ನಿಜವಾದ ಕಣ್ಣಲ್ಲ, ಬರೆದದ್ದು. ಬಿಳಿಗುಡ್ಡೆಯ ಮೇಲೆ ಎಳೆ ಎಳೆಯಾಗಿ ಕೆಂಪು ನರ ಕೂಡ ಇದ್ದ ಅದನ್ನು ಬರೆದದ್ದು ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

"ಜೇನುತುಪ್ಪದ ಬಣ್ಣ," ಎಂದ.

"ಹೌದಲ್ವಾ? ಆದ್ರೆ ಗ್ರಂಥಾಲಯದ ಮೇಡಂ ಅವರ ಇನ್ನೊಂದು ಕಣ್ಣು ಕಾಫಿ ಪುಡಿ ಬಣ್ಣ. ನೀವು ಕಳಿಸಿದ ಫೋಟೋ ನೋಡ್ಕೊಂಡು ನಾನು ಎಂಟು ದಿನ ಕೂತು ಬರೆದೆ. ನಿನ್ನೆ ಅವರು ಇದನ್ನ ಹಾಕ್ಕೊಂಡು ಕನ್ನಡಿ ನೋಡಿದ್ರು. ಏನೂ ಬೈಲಿಲ್ಲ. 'ಪರವಾಗಿಲ್ಲಮ್ಮ' ಅಂದ್ರು, ಕರ್ಚೀಫು ತೆಗೆದ್ರು. ಬೈದಿದ್ರೆ ನನಗೆ ಇಷ್ಟು ಕೋಪ ಬರ್ತಿರ್ಲಿಲ್ಲ."

ಫೋಟೋಗ್ರಾಫರ್ ತಲೆಯೆತ್ತಿ ಅವಳ ಕಣ್ಣುಗಳನ್ನು ನೋಡಿದ. ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚಾಗಿಯೇ ನೋಡಿದ. ಆಮೇಲೆ ಸ್ಟೂಲು ಎತ್ತಿ ನಿಲ್ಲಿಸಿ, "ಕೂತ್ಕೊಳ್ಳಿ," ಎಂದ.

ಅವಳು ಕೂರಲಿಲ್ಲ. ಜಗಳಕ್ಕೆ ಬಂದವರು ಕೂತುಬಿಟ್ಟರೆ ಅರ್ಧ ಸೋತ ಹಾಗೆ.

ಅವಳ ಕಸುಬೇ ಕಣ್ಣು ಬರೆಯುವುದು. ಅಪಘಾತದಲ್ಲೋ ಕಾಯಿಲೆಯಲ್ಲೋ ಒಂದು ಕಣ್ಣು ಕಳೆದುಕೊಂಡವರಿಗೆ, ಉಳಿದ ಕಣ್ಣಿಗೆ ಹೊಂದುವಂಥ ಕೃತಕ ಕಣ್ಣನ್ನು ನಾಲ್ಕು ಕೂದಲಿನ ಕುಂಚದಲ್ಲಿ ಪದರ ಪದರವಾಗಿ ಬರೆಯಬೇಕು. ನರಗಳಿಗೆ ಕೆಂಪು ರೇಷ್ಮೆಯ ಎಳೆ ಬಿಡಿಸಿ ಅಂಟಿಸಬೇಕು. ಅಪ್ಪ ಮೂವತ್ತು ವರ್ಷ ಮಾಡಿದ ಕೆಲಸ, ಅವರ ಕೈ ನಡುಗಲು ಶುರುವಾದ ಮೇಲೆ ಇವಳ ಕೈಗೆ ಬಂದಿತ್ತು. ರೋಗಿಗಳು ದೂರದೂರದಿಂದ ಬರುವವರು, ದಿನಗಟ್ಟಲೆ ಎದುರಿಗೆ ಕೂರಲು ಆಗದವರು. ಹಾಗಾಗಿ ಆಸ್ಪತ್ರೆಯವರು ಅವರನ್ನು ಈ ಸ್ಟುಡಿಯೋಗೆ ಕಳಿಸಿ, ಉಳಿದ ಕಣ್ಣಿನ ಫೋಟೋ ತೆಗೆಸಿ, ಅದನ್ನು ಇವಳಿಗೆ ಮುಟ್ಟಿಸುವ ಹೊಸ ಏರ್ಪಾಡು ಮಾಡಿದ್ದರು. ಮೊದಲ ಫೋಟೋದಲ್ಲೇ ಹೀಗಾಗಿತ್ತು.

"ನಾನು ವೈಟ್ ಬ್ಯಾಲೆನ್ಸ್ ಹೊಂದಿಸಿಯೇ ತೆಗೆದದ್ದು," ಎಂದ ಅವನು. "ಒಂದೊಂದು ಬೆಳಕಿಗೆ ಒಂದೊಂದು ಬಣ್ಣ ಇರುತ್ತೆ. ಅದಕ್ಕೇ ಫ್ಲ್ಯಾಶ್ ಹೊಡೆದು ಮೊದಲು ಒಂದು ಬಿಳಿ ಕಾಗದದ ಫೋಟೋ ತೆಗೀತೀನಿ. ಇದು ಬಿಳಿ ಅಂತ ಕ್ಯಾಮೆರಾಗೆ ಹೇಳ್ತೀನಿ. ಅದು ಮಿಕ್ಕ ಬಣ್ಣನೆಲ್ಲ ಅದಕ್ಕೆ ತಕ್ಕಂತೆ ಹೊಂದಿಸ್ಕೊಳ್ಳುತ್ತೆ."

"ಯಾವ ಕಾಗದ?"

ಅವನು ಪ್ರಿಂಟರಿನಿಂದ ಒಂದು ಹಾಳೆ ಎಳೆದು ತೋರಿಸಿದ. ಅವಳು ಚೀಲದಿಂದ ಬೆರಳುದ್ದದ ಟಾರ್ಚು ತೆಗೆದಳು. ಅಂಟು ಬೇಗ ಗಟ್ಟಿಯಾಗಲು ಬಳಸುವ ನೇರಳೆ ಬೆಳಕಿನ ಟಾರ್ಚು. ಹಾಳೆಯ ಮೇಲೆ ಹಿಡಿದಳು. ಹಾಳೆ ನೀಲಿಯಾಗಿ ಹೊಳೆಯಿತು.

"ಇದನ್ನ ಬಿಳಿ ಅಂದವರು ಯಾರು? ಬಟ್ಟೆ ಬೆಳ್ಳಗೆ ಕಾಣ್ಲಿ ಅಂತ ಸೋಪಿನ ಪುಡೀಲಿ ಹಾಕ್ತಾರಲ್ಲ, ಅಂಥದ್ದೇ ಏನೋ ಇದಕ್ಕೂ ಹಾಕಿರ್ತಾರೆ. ನಿಮ್ಮ ಫ್ಲ್ಯಾಶ್ ಬಿದ್ರೆ ನೀಲಿ ಎದ್ದು ಬರುತ್ತೆ. ಪಾಪ ನಿಮ್ಮ ಕ್ಯಾಮೆರಾ, ಆ ನೀಲೀನ ಬಿಳಿ ಮಾಡೋಕೆ ಹೋಗಿ ಎಲ್ಲದಕ್ಕೂ ಹಳದಿ ಬಳಿದಿದೆ."

ಅವನು ಹಾಳೆಯನ್ನು ನೋಡಿದ, ಡಬ್ಬಿಯಲ್ಲಿದ್ದ ಕಣ್ಣನ್ನು ನೋಡಿದ.

"ನನ್ನ ತಪ್ಪು," ಎಂದ. "ಪೂರ್ತಿ ನನ್ನ ತಪ್ಪು. ಇದಕ್ಕೆ ಅಂತಲೇ ಬೂದು ಬಣ್ಣದ ಕಾರ್ಡ್ ಇರುತ್ತೆ. ನನ್ನ ಹತ್ರನೂ ಇತ್ತು. ಅಕ್ಕ ಅದರ ಮೇಲೆ ಟೀ ಲೋಟ ಇಟ್ಟು ಇಟ್ಟು ಕಲೆಯಾಯ್ತು. ಕಾಗದ ಸಾಕು ಅಂದ್ಕೊಂಡೆ."

"ಬೂದಿ ಬಣ್ಣದ ರಟ್ಟಿಗೆ ಅಷ್ಟು ಮರ್ಯಾದೆ ಇದೆ ಅಂತ ಯಾರಿಗೆ ಗೊತ್ತಿತ್ತಪ್ಪ," ಎಂದು ಒಳಗಿನಿಂದ ಹೆಣ್ಣು ದನಿಯೊಂದು ಬಂತು. ಅದು ಅಕ್ಕ. ಸ್ಟುಡಿಯೋದ ಲೆಕ್ಕ, ಫೋನು ನೋಡಿಕೊಂಡು, ಉಳಿದ ಹೊತ್ತು ತಮ್ಮನ ತಲೆ ತಿನ್ನುವವಳು.

ವಾದ ಮಾಡುತ್ತಾನೆ ಎಂದು ಮೂರು ಬೀದಿ ಉದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು ಕಣ್ಣು ಬರೆಯುವವಳು. ಒಪ್ಪಿಕೊಂಡವನ ಮುಂದೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಸ್ಟೂಲಿನ ಮೇಲೆ ಕೂತುಬಿಟ್ಟಳು.

*

ನಾಲ್ಕು ದಿನದ ಮೇಲೆ ಹೊಸ ಬೂದು ಕಾರ್ಡ್ ಬಂತು. ಗ್ರಂಥಾಲಯದ ಮೇಡಂ ಕೂಡ ಮತ್ತೆ ಬಂದರು. ಅವರ ಪಕ್ಕದಲ್ಲಿ ನಿಂತು ಕಾರ್ಡ್ ಹಿಡಿಯುವ ಕೆಲಸವನ್ನು ಅವಳೇ ವಹಿಸಿಕೊಂಡಳು. ಇನ್ನೊಬ್ಬರನ್ನು ನಂಬುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಅವನು ಕಿಟಕಿಯ ಪರದೆ ಎಳೆದ. ಟ್ಯೂಬ್‌ಲೈಟ್ ಆರಿಸಿದ. ಫ್ಲ್ಯಾಶಿನ ತಲೆಯೊಳಗಿದ್ದ ಬಲ್ಬೊಂದು ಮಾತ್ರ ಹಳದಿಯಾಗಿ ಉರಿಯುತ್ತಿತ್ತು.

"ಇದು ಹಳದಿ ಅಲ್ವಾ? ಇದರ ಬಣ್ಣ ಸೇರ್ಕೊಳ್ಳಲ್ವಾ?" ಅನುಮಾನ ಅವಳ ಹುಟ್ಟುಗುಣ.

"ಅದು ನನಗೆ ನೋಡೋಕೆ ಮಾತ್ರ. ಫ್ಲ್ಯಾಶ್ ಹೊಡೆದಾಗ ಅದರ ಮುಂದೆ ಈ ಬಲ್ಬು ಲೆಕ್ಕಕ್ಕೇ ಇಲ್ಲ. ಆದ್ರೆ ಕಿಟಕಿ ಬೆಳಕು, ಟ್ಯೂಬ್‌ಲೈಟು ಹಾಗಲ್ಲ, ಯಾವುದಾದ್ರೂ ಮೂಲೆಯಲ್ಲಿ ಉಳ್ಕೊಂಡುಬಿಡ್ತವೆ. ಮನೆಗೆ ಒಬ್ಬರೇ ಯಜಮಾನರಿದ್ರೆ ಮಾತು ನಡೆಯುತ್ತೆ. ಎರಡು ಬೆಳಕು ಸೇರಿದ್ರೆ ಕ್ಯಾಮೆರಾ ಯಾರ ಮಾತು ಕೇಳ್ಬೇಕು?"

"ಈ ಮನೇಲಿ ಯಜಮಾನಿ ನಾನು," ಎಂದಳು ಅಕ್ಕ ಬಾಗಿಲಿನಿಂದ.

ಮೇಡಂ ನಕ್ಕರು. ಅವನು ಬಲ್ಬಿನ ಬೆಳಕನ್ನು ಪೂರ್ತಿ ಏರಿಸಿದ. ಬೆಳಕು ಹೆಚ್ಚಾದಷ್ಟೂ ಕಣ್ಣಿನ ನಡುವಿನ ಕರಿ ಬೊಟ್ಟು ಕುಗ್ಗಿ ಸಾಸಿವೆಯಷ್ಟಾಗುತ್ತದೆ, ಸುತ್ತಲಿನ ಬಣ್ಣದ ಬಳೆ ಅಗಲವಾಗಿ ಕಾಣುತ್ತದೆ. ಇದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿರುವುದು ಕಂಡು ಮನಸ್ಸಿನಲ್ಲೇ ಒಂದು ಅಂಕ ಕೊಟ್ಟಳು.

"ಮೊದಲು ಕಾರ್ಡ್," ಎಂದ ಅವನು.

ಅವಳು ಕಾರ್ಡನ್ನು ಮೇಡಂ ಕೆನ್ನೆಗೆ ಒತ್ತಿ ಹಿಡಿದಳು. ಫ್ಲ್ಯಾಶ್ ಹೊಡೆಯಿತು. ಆ ಬೂದು ಬಣ್ಣವನ್ನು ಕ್ಯಾಮೆರಾಗೆ ಒಪ್ಪಿಸಿದ. ಆಮೇಲೆ ಕಾರ್ಡ್ ತೆಗೆದು, ಬೆಳಕು ಅಲುಗಾಡಿಸದೆ, ಕಣ್ಣಿನ ಫೋಟೋ ತೆಗೆದ.

"ಬಣ್ಣ ಆಮೇಲೆ ತಿದ್ತೀರಾ?" ಎಂದು ಕೇಳಿದಳು.

"ಇಲ್ಲ. ಹುಬ್ಬಿನ ಒಂದು ಕೂದಲು ಕೂಡ ಮುಟ್ಟಲ್ಲ. ಮದುವೆ ಫೋಟೋದಲ್ಲಿ ಮೊಡವೆ ತೆಗೀತೀನಿ, ಗಲ್ಲ ಸಣ್ಣ ಮಾಡ್ತೀನಿ, ಹೊಟ್ಟೆಪಾಡು. ಆದ್ರೆ ನಿಮಗೆ ಕೊಡೋ ಫೋಟೋ ತಿದ್ದೋದಿಲ್ಲ. ಇದು ಮಾತು."

ಆ ಸಲ ಬರೆದ ಕಣ್ಣನ್ನು ಹಾಕಿಕೊಂಡು ಮೇಡಂ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತರು. "ಯಾವುದು ನಂದು?" ಎಂದು ಕೇಳಿದರು. ಮತ್ತೆ ಕರ್ಚೀಫು ತೆಗೆದರು. ಈ ಸಲ ಅವಳೂ ತೆಗೆದಳು.

*

ಇಷ್ಟೆಲ್ಲ ಹೇಳಿ ಒಂದು ವಿಷಯ ಮುಚ್ಚಿಟ್ಟರೆ ತಪ್ಪಾದೀತು. ಅವಳ ಎಡಗಣ್ಣು ಅವಳದಲ್ಲ, ಅಪ್ಪ ಬರೆದದ್ದು.

ಆರನೇ ವಯಸ್ಸಿನಲ್ಲಿ ಕಾಯಿಲೆಯಲ್ಲಿ ಆ ಕಣ್ಣು ಹೋಯಿತು. ಅವಳು ಬೆಳೆದಂತೆಲ್ಲ ಅಪ್ಪ ಹೊಸ ಅಳತೆಯ ಕಣ್ಣು ಬರೆದರು. ಹಳೆಯವೆಲ್ಲ ಅಂಗಿ ಗುಂಡಿಯ ಡಬ್ಬಿಯೊಂದರಲ್ಲಿ ಇದ್ದವು, ಮಕ್ಕಳ ಹಳೇ ಚಪ್ಪಲಿ ಎತ್ತಿಟ್ಟ ಹಾಗೆ. ಈಗ ಹಾಕಿಕೊಂಡಿರುವುದು ಐದು ವರ್ಷದ ಹಿಂದಿನದು, ಕೈ ನಡುಗುವ ಮೊದಲು ಅವರು ಬರೆದ ಕೊನೆಯ ಕಣ್ಣು.

"ನನ್ನ ಕೈಯಿಂದ ಇದಕ್ಕಿಂತ ಒಳ್ಳೇದು ಬಂದಿಲ್ಲ," ಎನ್ನುತ್ತಿದ್ದರು ಅಪ್ಪ. "ಒಂದು ಫೋಟೋ ತೆಗೆಸ್ಕೋ ಮರಿ. ಎದುರಿಗೆ ನೇತು ಹಾಕ್ತೀನಿ."

ಅವಳು ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದಳು. ಕಾರಣ ಬೀರುವಿನ ತಳದಲ್ಲಿತ್ತು. ನಾಲ್ಕು ವರ್ಷದ ಹಿಂದೆ ದೊಡ್ಡಮ್ಮನ ಮಗಳ ಹುಟ್ಟುಹಬ್ಬದಲ್ಲಿ ಯಾರೋ ಫ್ಲ್ಯಾಶ್ ಹೊಡೆದು ತೆಗೆದ ಫೋಟೋ. ಅದರಲ್ಲಿ ಅವಳ ಬಲಗಣ್ಣು ಕಂದು, ಎಡಗಣ್ಣು ಮಾತ್ರ ಪಾಚಿಗಟ್ಟಿದಂತೆ ಹಸಿರು. ಹಗಲಲ್ಲಿ ಕನ್ನಡಿಗೆ ಕಾಣದ ತಪ್ಪು ಫ್ಲ್ಯಾಶಿಗೆ ಕಂಡಿತ್ತು. ಅಪ್ಪನ ಕೊನೆಯ ಕಣ್ಣು ತಪ್ಪಾಗಿದೆ ಎಂದು ಅಪ್ಪನಿಗೆ ಹೇಗೆ ಹೇಳುವುದು? ಇನ್ನೊಂದು ಬರೆದು ಸರಿಮಾಡಲು ಆ ಕೈಗಳಿಗೆ ಇನ್ನು ಆಗದು.

ಹಾಗಾಗಿ ನಾಲ್ಕು ವರ್ಷದಿಂದ ಅವಳು ಒಂದೂ ಕ್ಯಾಮೆರಾಗೆ ಮುಖ ಕೊಟ್ಟಿರಲಿಲ್ಲ. ಈಗ ನೋಡಿದರೆ ವಾರಕ್ಕೆರಡು ಸಲ ಕ್ಯಾಮೆರಾದವನ ಸ್ಟುಡಿಯೋಗೆ ತಾನಾಗಿಯೇ ಹೋಗುತ್ತಿದ್ದಳು.

ಹೋಗುವುದೇನೋ ಕೆಲಸಕ್ಕೇ. ಆದರೆ ಹನ್ನೊಂದಕ್ಕೆ ಬರುವ ರೋಗಿಗೆ ಹತ್ತಕ್ಕೇ ಹೋಗಿ ಕೂರುವುದು ಯಾವ ಕೆಲಸ? ಅವನು ಫ್ಲ್ಯಾಶಿನ ಮುಂದೆ ಕಟ್ಟುವ, ಹಳದಿ ತಿರುಗಿದ ಬಿಳಿ ಬಟ್ಟೆ ಬಿಚ್ಚಿ ಹೊಸದು ಹೊಲಿಯುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಕುಂಚದ ಕೂದಲು ಎಣಿಸುತ್ತಿದ್ದಳು. ಮಾತು ಕಡಿಮೆ. ಒಮ್ಮೊಮ್ಮೆ ಅವನು ತಲೆಯೆತ್ತಿ ನೋಡಿದರೆ ಅವಳಿಗೆ ಎಣಿಕೆ ತಪ್ಪುತ್ತಿತ್ತು.

'ಇವರಿಗೆ ಗೊತ್ತಾದ್ರೆ?' ಎಂದುಕೊಳ್ಳುತ್ತಿದ್ದಳು. 'ಇಷ್ಟು ಬಣ್ಣ ನೋಡೋ ಮನುಷ್ಯ... ಒಂದು ದಿನ ಗೊತ್ತಾಗದೆ ಇರುತ್ತಾ?'

"ಆ ಬೂದು ಕಾರ್ಡಿನವರು ಏನಂತಾರೆ?" ಎಂದು ಅಪ್ಪ ಊಟಕ್ಕೆ ಕೂತಾಗ ಕೇಳುವರು.

"ಅವರೇನಂತಾರೆ, ಮೊದಲು ಕಾರ್ಡ್ ಅಂತಾರೆ."

"ಆಮೇಲೆ?"

"ಆಮೇಲೇನೂ ಇಲ್ಲ ಅಪ್ಪ. ಊಟ ಮಾಡು."

ಅಪ್ಪ ಊಟ ಮಾಡುತ್ತಿದ್ದರು. ಮುಖದ ಮೇಲಿನ ನಗು ಮಾತ್ರ ತಟ್ಟೆ ತೊಳೆಯುವ ತನಕ ಹಾಗೇ ಇರುತ್ತಿತ್ತು.

*

ಹೀಗಿರುವಾಗ ಎಂಟು ವರ್ಷದ ಹುಡುಗಿಯೊಬ್ಬಳು ತಾಯಿಯ ಜೊತೆ ಸ್ಟುಡಿಯೋಗೆ ಬಂದಳು. ಒಂದು ಕಣ್ಣಿನ ಮೇಲೆ ಹತ್ತಿಯ ಪಟ್ಟಿ. ಫ್ಲ್ಯಾಶಿನ ಮುಂದಿದ್ದ ಕುರ್ಚಿ ಕಂಡು ಬಾಗಿಲಲ್ಲೇ ನಿಂತುಬಿಟ್ಟಳು.

ತಾಯಿ ಗದರಿಸಿದಳು, ಅಕ್ಕ ಬಿಸ್ಕತ್ತು ತೋರಿಸಿದಳು. ಹುಡುಗಿ ಬಾಗಿಲು ಹಿಡಿದ ಕೈ ಬಿಡಲಿಲ್ಲ.

"ಆ ಆಂಟಿ ಮೊದಲು ಕೂತ್ಕೊಳ್ಳಲಿ," ಎಂದಳು ಕೊನೆಗೆ.

ಎಲ್ಲರೂ ಕಾರ್ಡ್ ಹಿಡಿದು ನಿಂತಿದ್ದ ಅವಳ ಕಡೆ ತಿರುಗಿದರು. ಹುಡುಗಿಯ ಒಂಟಿ ಕಣ್ಣು ಅವಳ ಮೇಲೇ ನೆಟ್ಟಿತ್ತು. ಆರನೇ ವಯಸ್ಸಿನಲ್ಲಿ ತಾನೂ ಹೀಗೇ ಆಸ್ಪತ್ರೆಯ ಬಾಗಿಲು ಹಿಡಿದು ನಿಂತದ್ದು ನೆನಪಾಯಿತು.

ಅವಳು ಹೋಗಿ ಕುರ್ಚಿಯಲ್ಲಿ ಕೂತಳು. "ಬಾ, ನೀನೇ ಕಾರ್ಡ್ ಹಿಡ್ಕೋ," ಎಂದು ಹುಡುಗಿಯನ್ನು ಕರೆದಳು. ಹತ್ತಿರ ಬಂದವಳ ಕಿವಿಯಲ್ಲಿ ಪಿಸುಗುಟ್ಟಿದಳು. "ನಿನಗೊಬ್ಬಳಿಗೇ ಹೇಳ್ತೀನಿ. ನಂದೂ ಒಂದು ಬರೆದ ಕಣ್ಣು."

ಹುಡುಗಿ ಎರಡನ್ನೂ ಬಗ್ಗಿ ಬಗ್ಗಿ ನೋಡಿದಳು. "ಯಾವುದು?"

"ಅದನ್ನ ಹೇಳಲ್ಲ."

ಹುಡುಗಿ ಎರಡೂ ಕೈಯಲ್ಲಿ ಕಾರ್ಡನ್ನು ಅವಳ ಗಲ್ಲಕ್ಕೆ ಆನಿಸಿ ಹಿಡಿದಳು. ಫ್ಲ್ಯಾಶ್ ಹೊಡೆಯಿತು. ಕಾರ್ಡ್ ಸರಿಯಿತು.

"ಈ ಕಡೆ ನೋಡಿ," ಎಂದ ಅವನು.

ಅವಳು ನೋಡಿದಳು. ಕ್ಯಾಮೆರಾ ಸ್ಟ್ಯಾಂಡಿನ ಮೇಲಿತ್ತು, ಅವನು ಅದರ ಪಕ್ಕಕ್ಕೆ ಬಂದು ನಿಂತಿದ್ದ. ಹೆದರಬೇಡಿ ಎನ್ನುವಂತೆ ಸಣ್ಣಗೆ ತಲೆಯಾಡಿಸಿದ. ಆ ಕ್ಷಣ ಅವಳಿಗೆ ಹಸಿರು ಕಣ್ಣು, ಬೀರುವಿನ ಫೋಟೋ, ಯಾವುದೂ ನೆನಪಿರಲಿಲ್ಲ. ಮತ್ತೆ ಫ್ಲ್ಯಾಶ್ ಹೊಡೆಯಿತು.

ಆಮೇಲೆ ಹುಡುಗಿ ಕುರ್ಚಿ ಏರಿ ರಾಣಿಯಂತೆ ಕೂತಳು.

*

ಎರಡು ದಿನದ ಮೇಲೆ ಮನೆಗೆ ಒಂದು ದಪ್ಪ ಲಕೋಟೆ ಬಂತು. ಅವಳು ಸ್ನಾನದ ಮನೆಯಲ್ಲಿದ್ದಳು. ತೆರೆದವರು ಅಪ್ಪ.

"ಮರಿ! ಬೇಗ ಬಾ!"

ತಲೆಗೆ ಟವಲು ಸುತ್ತಿಕೊಂಡು ಓಡಿಬಂದಳು. ಮೇಜಿನ ಮೇಲೆ ಅವಳ ಮುಖ, ಅಂಗೈಗಿಂತ ದೊಡ್ಡದಾಗಿ ಪ್ರಿಂಟಾಗಿತ್ತು. ಅಪ್ಪ ನಡುಗುವ ಬೆರಳಿನಿಂದ ಒಂದು ಕಣ್ಣು ತೋರಿಸಿದರು, ಆಮೇಲೆ ಇನ್ನೊಂದು.

"ನೋಡು, ಎರಡೂ ಒಂದೇ ಬಣ್ಣ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ನಾನು ಹೇಳ್ತಿರ್ಲಿಲ್ವಾ?"

ಅವಳು ನೋಡಿದಳು. ಹೌದು, ಒಂದೇ ಬಣ್ಣ.

'ತಿದ್ದಿದ್ದಾರೆ.'

ಫ್ಲ್ಯಾಶಿನಲ್ಲಿ ಎಡಗಣ್ಣು ಹಸಿರಾಗುತ್ತದೆ ಎಂದು ಅವಳಿಗೆ ಗೊತ್ತು. ಹಾಗಾದರೆ ಅವನು ಕಂಡಿದ್ದಾನೆ. ಕಂಡು, ಪಾಪ ಎಂದುಕೊಂಡು, ಮದುವೆ ಫೋಟೋದ ಮೊಡವೆಯಂತೆ ಅದನ್ನೂ ಅಳಿಸಿದ್ದಾನೆ. ಹುಬ್ಬಿನ ಕೂದಲು ಕೂಡ ಮುಟ್ಟುವುದಿಲ್ಲ ಎಂದವನು ಅವಳೊಬ್ಬಳನ್ನು ಮಾತ್ರ ತಿದ್ದಿದ್ದಾನೆ.

"ತುಂಬಾ ಚೆನ್ನಾಗಿದೆ ಅಪ್ಪ," ಎಂದಳು. ಟವಲಿನಲ್ಲಿ ಮುಖ ಮುಚ್ಚಿಕೊಂಡು ತಲೆ ಒರೆಸತೊಡಗಿದಳು.

ಮರುದಿನ ಸ್ಟುಡಿಯೋಗೆ ಹೋದಾಗ ಅವನು ಬಾಗಿಲಿಗೇ ಬಂದ. ಏನನ್ನೋ ಕಾಯುತ್ತಿದ್ದವನ ಮುಖ.

"ಫೋಟೋ... ನೋಡಿದ್ರಾ?"

"ನೋಡಿದೆ. ತಿದ್ದೋದಿಲ್ಲ ಅಂತ ಮಾತು ಕೊಟ್ಟಿದ್ರಿ."

ಅವನ ಮುಖ ಬದಲಾಯಿತು. "ನಾನು ಏನೂ ತಿದ್ದಿಲ್ಲ."

"ಸುಳ್ಳು ಬೇಡ. ನನ್ನ ಕಣ್ಣು ನನಗೆ ಗೊತ್ತು."

"ಸರಿಯಾಗಿ ನೋಡಿದ್ರಾ ನೀವು?"

"ಕಣ್ಣು ನೋಡೋದೇ ನನ್ನ ಕೆಲಸ. ನನಗೆ ಹೇಳಿಕೊಡಬೇಡಿ." ಅವಳು ಚೀಲ ಹೆಗಲಿಗೇರಿಸಿದಳು. "ಇನ್ಮೇಲೆ ಕಾರ್ಡ್ ಅಕ್ಕ ಹಿಡೀಲಿ. ಫೋಟೋ ಆಸ್ಪತ್ರೆಗೆ ಕಳಿಸಿ, ನಾನು ಅಲ್ಲಿಂದ ತಗೊಳ್ತೀನಿ."

ಅವನು ಏನೋ ಹೇಳಹೊರಟ. ಅವಳು ಆಗಲೇ ಮೆಟ್ಟಿಲು ಇಳಿದಿದ್ದಳು.

*

ಎರಡು ವಾರ ಅವಳು ಆ ಬೀದಿಯ ಕಡೆ ತಲೆ ಹಾಕಲಿಲ್ಲ. ಫೋಟೋಗಳು ಆಸ್ಪತ್ರೆಯ ಮೂಲಕ ಬಂದವು, ಪ್ರತಿಯೊಂದರ ಜೊತೆಗೂ ಬೂದು ಕಾರ್ಡಿನ ಮೊದಲ ಫೋಟೋ. ಕಾರ್ಡಿನ ಅಂಚಿನಲ್ಲಿ ಅಕ್ಕನ ಹೆಬ್ಬೆರಳು ಕಾಣುತ್ತಿತ್ತು. ಅಲ್ಲಿರಬೇಕಾದದ್ದು ತನ್ನ ಬೆರಳು ಎನಿಸಿ ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಬೇಡವೆಂದವಳು ತಾನೇ, ಉರಿಯೂ ತನಗೇ.

ಹುಡುಗಿಯ ಕಣ್ಣು ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಅವಳು ಕೊನೆಯ ಪದರ ಬರೆಯುತ್ತಿದ್ದಾಗ ಅಪ್ಪ ಪಕ್ಕದ ಮೇಜಿನಲ್ಲಿ ಭೂತಗನ್ನಡಿ ಹಿಡಿದು, ಅವಳ ಫೋಟೋವನ್ನು ನೂರನೇ ಸಲ ನೋಡುತ್ತಿದ್ದರು.

"ಮರಿ, ಈ ಫೋಟೋದಲ್ಲಿ ಒಂದು ತಮಾಷೆ ಇದೆ. ಬಾ ಇಲ್ಲಿ."

"ನೋಡಿ ಆಯ್ತಲ್ಲ ಅಪ್ಪ."

"ನೀನು ಬಣ್ಣ ನೋಡಿದೆ. ಬೊಟ್ಟು ನೋಡಿದ್ಯಾ?"

ಅವಳು ಕುಂಚ ಕೆಳಗಿಟ್ಟಳು. ಭೂತಗನ್ನಡಿಯಲ್ಲಿ ಬಗ್ಗಿ ನೋಡಿದಳು. ಎಡಗಣ್ಣಿನ ನಡುವಿನ ಕರಿ ಬೊಟ್ಟು ಅಪ್ಪ ಬರೆದ ಅಳತೆಯಲ್ಲೇ, ಸಾಸಿವೆಯಷ್ಟು, ಇತ್ತು. ಬಲಗಣ್ಣಿನದು ಮೆಣಸಿನ ಕಾಳಿನಷ್ಟಿತ್ತು.

ಒಂದು ದೊಡ್ಡದು, ಒಂದು ಚಿಕ್ಕದು. ಎದುರಿಗೇ ಇತ್ತು. ಬಣ್ಣವನ್ನಷ್ಟೇ ಹುಡುಕಿದವಳಿಗೆ ಅದು ಕಂಡಿರಲಿಲ್ಲ.

ತಿದ್ದಬೇಕೆಂದು ಕೂತವನು ಬಣ್ಣ ಹೊಂದಿಸಿ ಬೊಟ್ಟು ಹಾಗೇ ಬಿಡುತ್ತಾನೆಯೇ? ಯಾವ ಕಣ್ಣು ಬರೆದದ್ದು ಎಂದು ಸಾರಿ ಹೇಳುವ ಗುರುತೇ ಅದು. ಅದನ್ನೇ ಮುಟ್ಟಿಲ್ಲವೆಂದರೆ...

"ತಿದ್ದಿಲ್ಲ," ಎಂದಳು ಮೆಲ್ಲಗೆ. "ಅಪ್ಪ, ಅವರು ತಿದ್ದೇ ಇಲ್ಲ."

"ಯಾಕೆ ತಿದ್ತಾರೆ? ಕಣ್ಣು ಚೆನ್ನಾಗೇ ಇದೆಯಲ್ಲ." ಅಪ್ಪ ಭೂತಗನ್ನಡಿಯನ್ನು ತಮ್ಮ ಕಡೆ ಎಳೆದುಕೊಂಡರು. "ತಮಾಷೆ ಅದಲ್ಲ. ಆ ಸ್ಟುಡಿಯೋದಲ್ಲಿ ಕಣ್ಣಿಗೆ ಬಲ್ಬು ಪೂರ್ತಿ ಹಚ್ಚಿರ್ತಾರೆ ಅಂತ ನೀನೇ ಹೇಳಿದ್ದೆ. ಫ್ಲ್ಯಾಶ್ ಹೊಡೆಯೋ ಮೊದಲೇ ಬೊಟ್ಟು ಕುಗ್ಗಿರ್ಬೇಕು. ಮತ್ತೆ ಇದ್ಯಾಕೆ ಹೀಗೆ ಅರಳ್ಕೊಂಡಿದೆ?"

ಅವಳು ಕುಂಚ ಎತ್ತಿಕೊಂಡು ಒರೆಸತೊಡಗಿದಳು.

"ಮೂವತ್ತು ವರ್ಷ ಜನರ ಕಣ್ಣು ನೋಡಿದ್ದೀನಿ," ಎಂದರು ಅಪ್ಪ. "ಬೆಳಕು ಎಷ್ಟೇ ಇರ್ಲಿ, ಇಷ್ಟವಾದವರು ಎದುರಿಗೆ ಬಂದ್ರೆ ಬೊಟ್ಟು ಮಾತು ಕೇಳೋದಿಲ್ಲ. ನಿಮ್ಮಮ್ಮ ಬದುಕಿದ್ದಾಗ ನಾನು ದಿನಾ ನೋಡ್ತಿದ್ದೆ. ನೀನು ಆವತ್ತು ಯಾರನ್ನ ನೋಡ್ತಿದ್ದೆ, ಮರಿ?"

ಅವಳು ಎದ್ದು ಹೋಗಿ ಬೀರುವಿನ ತಳ ತಡಕಿ ಹಳೆಯ ಫೋಟೋ ತೆಗೆದಳು, ಚಪ್ಪಲಿ ಮೆಟ್ಟಿದಳು.

"ಬಣ್ಣ ಒಣಗೋಕೆ ಎರಡು ಗಂಟೆ ಬೇಕು," ಎಂದರು ಅಪ್ಪ ಹಿಂದಿನಿಂದ. "ಅವಸರ ಇಲ್ಲ."

*

ಸ್ಟುಡಿಯೋದಲ್ಲಿ ಅವನು ಲೈಟಿನ ಸ್ಟ್ಯಾಂಡಿನ ತಿರುಪು ಬಿಗಿಗೊಳಿಸುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಅಕ್ಕ ಇಬ್ಬರ ಮುಖ ನೋಡಿ, "ಹಾಲು ಮುಗಿದಿದೆ," ಎಂದು ಚೀಲವೂ ಇಲ್ಲದೆ ಹೊರಗೆ ಹೋದಳು.

ಅವಳು ಹಳೆಯ ಫೋಟೋವನ್ನು ಅವನ ಮುಂದೆ ಚಾಚಿದಳು.

"ಮೊದಲು ಇದನ್ನ ನೋಡಿ. ಇದರಲ್ಲಿ ನನ್ನ ಎಡಗಣ್ಣು ಹಸಿರು. ಅದಕ್ಕೇ... ಅದಕ್ಕೇ ನೀವು ತಿದ್ದಿದ್ದೀರಿ ಅಂದ್ಕೊಂಡೆ. ಅಪ್ಪ ಬರೆದ ಕೊನೇ ಕಣ್ಣು ಇದು. ನಾಲ್ಕು ವರ್ಷದಿಂದ ಅವರಿಗೆ ಇದನ್ನ ತೋರಿಸಿಲ್ಲ."

ಅವನು ಫೋಟೋ ಇಸಿದುಕೊಂಡ. ಅರೆಕ್ಷಣ ನೋಡಿ, ಹೆಬ್ಬೆರಳಿನಿಂದ ಎಡಗಣ್ಣನ್ನು ಮುಚ್ಚಿದ.

"ಈಗ ಕೆನ್ನೆ ನೋಡಿ."

ಅವಳು ನೋಡಿದಳು. ಎಡಗೆನ್ನೆ ಹಸಿರಾಗಿತ್ತು. ಕಿವಿಯೂ. ಬಿಳಿ ಕಾಲರಿನ ಎಡ ಅರ್ಧ ಕೂಡ.

"ಆವತ್ತು ನಿಮ್ಮ ಎಡಕ್ಕೆ ಟ್ಯೂಬ್‌ಲೈಟ್ ಇತ್ತು. ಫ್ಲ್ಯಾಶ್ ಬಲಗಡೆಯಿಂದ ಬಂದಿದೆ. ಎರಡು ಬೆಳಕು, ಇಬ್ಬರು ಯಜಮಾನರು. ಕಣ್ಣು ಹಸಿರಾಗಿಲ್ಲ, ನಿಮ್ಮ ಎಡಭಾಗ ಪೂರ್ತಿ ಹಸಿರಾಗಿದೆ." ಅವನು ಹೆಬ್ಬೆರಳು ತೆಗೆದ. "ನಿಮ್ಮಪ್ಪ ಬರೆದದ್ದರಲ್ಲಿ ಒಂದು ಚೂರೂ ತಪ್ಪಿಲ್ಲ. ಆ ಹುಡುಗಿ ಬಂದ ದಿನ ನಾನು ಕಾರ್ಡ್ ಇಟ್ಟು ನೋಡಿದ್ದೀನಲ್ಲ."

ನಾಲ್ಕು ವರ್ಷ ಅವಳು ಆ ಫೋಟೋದಲ್ಲಿ ಕಣ್ಣೊಂದನ್ನೇ ನೋಡಿದ್ದಳು. ಪಕ್ಕದ ಕೆನ್ನೆಯನ್ನು ಒಮ್ಮೆಯೂ ನೋಡಿರಲಿಲ್ಲ.

ಅಳು ಬಂತು. ಕಣ್ಣು ಬರೆದದ್ದಾದರೂ ಕಣ್ಣೀರು ಎರಡು ಕಡೆಯಿಂದಲೂ ಬರುತ್ತದೆ. ಅವನು ಲೆನ್ಸು ಒರೆಸುವ ಬಟ್ಟೆ ಕೊಟ್ಟ, ಬೇರೇನೂ ಕೈಗೆ ಸಿಗಲಿಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದಳು ಮೂಗು ಒರೆಸಿಕೊಳ್ಳುತ್ತ.

"ಮೊದಲನೇ ದಿನ. ಡಬ್ಬಿ ತಂದು ಜಗಳ ಆಡಿದ್ರಲ್ಲ, ಆವತ್ತು ಬಲಗಣ್ಣು ಕೆಂಡದ ಹಾಗೆ ಉರೀತಿತ್ತು, ಎಡಗಣ್ಣು ಶಾಂತವಾಗಿ ನೋಡ್ತಿತ್ತು. ಪುಣ್ಯಕ್ಕೆ ಒಂದಾದ್ರೂ ನನ್ನ ಪರವಾಗಿದೆ ಅಂದ್ಕೊಂಡೆ."

ಅಳುವ ನಡುವೆಯೇ ಅವಳಿಗೆ ನಗು ಬಂತು. "ಅದು ಅಪ್ಪಂದು. ಅವರು ಯಾವಾಗಲೂ ಹಾಗೇ."

"ನಿಮ್ಮ ಫೋಟೋನ ಯಾಕೆ ಕಳಿಸಿದೆ ಗೊತ್ತಾ?" ಅವನು ಕೈಯಲ್ಲಿದ್ದ ತಿರುಪನ್ನು ಸುಮ್ಮನೆ ತಿರುಗಿಸುತ್ತಿದ್ದ. "ಆವತ್ತು ಕಂಪ್ಯೂಟರ್ ಪರದೆ ಮೇಲೆ ದೊಡ್ಡದು ಮಾಡಿ ನೋಡಿದೆ. ಬಲ್ಬು ಪೂರ್ತಿ ಉರೀತಿತ್ತು, ಆದ್ರೂ ಬೊಟ್ಟು ಅರಳಿತ್ತು. ಕ್ಯಾಮೆರಾ ಪಕ್ಕದಲ್ಲಿ ನಿಂತಿದ್ದವನು ನಾನು. ನನ್ನ ಬಾಯಿಂದ ಹೇಳೋ ಧೈರ್ಯ ಇರ್ಲಿಲ್ಲ. ನೀವು ಕಣ್ಣು ಬರೆಯೋರು, ನೋಡಿದ ತಕ್ಷಣ ಓದ್ಕೋತೀರಿ ಅಂದ್ಕೊಂಡೆ. ಓದ್ಕೊಂಡು ಬಂದು ಏನಾದ್ರೂ ಹೇಳ್ತೀರಿ ಅಂತ ಎರಡು ದಿನ ಬಾಗಿಲು ಕಾದೆ. ನೀವು ಬಂದು ಬೈದ್ರಿ."

"ಕಾಗದ ಬರೀಬಹುದಿತ್ತಲ್ಲ."

"ಕಾಗದ ನಂಬಿ ಒಂದು ಸಲ ಕೆಟ್ಟಿದ್ದೀನಿ."

ಇಬ್ಬರೂ ನಕ್ಕರು. ಪರದೆ ಎಳೆದ ಕೋಣೆಯಲ್ಲಿ ಹಳದಿ ಬಲ್ಬು ಉರಿಯುತ್ತಿತ್ತು.

"ನಾನು ನಿಮ್ಮನ್ನ ಇಷ್ಟಪಡ್ತೀನಿ," ಎಂದ ಅವನು. "ಎರಡೂ ಕಣ್ಣನ್ನ. ನಿಮ್ಮಪ್ಪಂದನ್ನೂ, ನಿಮ್ಮದನ್ನೂ. ಬಾಯಿಬಿಟ್ಟೇ ಹೇಳ್ತಿದ್ದೀನಿ, ಇನ್ನು ತಪ್ಪು ತಿಳ್ಕೊಳ್ಳೋ ಹಾಗಿಲ್ಲ."

"ನಾನೂ ಹೇಳ್ಬೇಕಾ? ನನ್ನದು ಆಗಲೇ ಫೋಟೋದಲ್ಲಿ ಬಂದಿದೆಯಲ್ಲ."

"ಹೇಳಿ. ಕೇಳ್ಬೇಕು ಅನ್ಸುತ್ತೆ."

"ಇಷ್ಟ," ಎಂದಳು. "ಹತ್ತು ಗಂಟೆಗೇ ಬಂದು ಕೂರ್ತಿದ್ದೆನಲ್ಲ, ಗೊತ್ತಾಗಲಿಲ್ವಾ? ಅಷ್ಟೂ ದಿನ ಇಷ್ಟ. ಮತ್ತೆ ಈ ನೀವು, ನಿಮ್ಮ ಅನ್ನೋದು ಸಾಕು."

ಅವಳು ಹೋಗಿ ಫ್ಲ್ಯಾಶಿನ ಮುಂದಿನ ಕುರ್ಚಿಯಲ್ಲಿ ಕೂತಳು. ಮೇಜಿನ ಮೇಲಿದ್ದ ಬೂದು ಕಾರ್ಡನ್ನು ತಾನೇ ತೆಗೆದು ಕೆನ್ನೆಗೆ ಆನಿಸಿದಳು. ಮೂಲೆಯಲ್ಲಿ ಹೊಸದಾಗಿ ಒಂದು ಟೀ ಲೋಟದ ಗುರುತು ಮೂಡಿತ್ತು. ಅದನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದಳು.

"ಇನ್ನೊಂದು ತೆಗಿ. ಅಪ್ಪನ ಎದುರಿಗೆ ನೇತು ಹಾಕೋಕೆ."

ಫ್ಲ್ಯಾಶ್ ಹೊಡೆಯಿತು. ಕಾರ್ಡ್ ಸರಿಯಿತು. ಅವಳು ಕ್ಯಾಮೆರಾದ ಪಕ್ಕದಲ್ಲಿ ನಿಂತವನನ್ನು ನೋಡಿದಳು, ಈ ಸಲ ಗೊತ್ತಿದ್ದೂ ನೋಡಿದಳು. ಮತ್ತೆ ಫ್ಲ್ಯಾಶ್ ಹೊಡೆಯಿತು.

ಅವನು ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಬಗ್ಗಿ ಫೋಟೋ ದೊಡ್ಡದು ಮಾಡಿದ.

"ಬಣ್ಣ ಹೇಗಿದೆ?" ಎಂದಳು.

"ಎರಡೂ ಒಂದೇ. ಇದ್ದ ಹಾಗೇ ಬಂದಿದೆ."

"ಬೊಟ್ಟು?"

"ಹೋದ ಸಲಕ್ಕಿಂತ ದೊಡ್ಡದಾಗಿದೆ. ನಿಮ್ಮಪ್ಪ... ನಿನ್ನ ಅಪ್ಪ ನೋಡಿದ ತಕ್ಷಣ ಕಂಡುಹಿಡೀತಾರೆ."

"ಕಂಡುಹಿಡೀಲಿ," ಎಂದಳು ಅವಳು. "ತಿದ್ದಬೇಡ. ಹಾಗೇ ಇರ್ಲಿ."